ಕೆಂಪು ಗುಂಡಿಯ ಪಕ್ಕ ನಿಂತವನು

"ಕಚ್ಚೋ ಲೇ! ಹಲ್ಲಿಲ್ವಾ ನಿಂಗೆ? ಗಟ್ಟಿಯಾಗಿ ಕಚ್ಚು!"

ಕಚ್ಚಿದೆ. ಒದ್ದೆ ಬೆಡ್‌ಶೀಟಿನ ಮೂಲೆ. ಬ್ಲೀಚಿನ ಕಹಿ ನಾಲಿಗೆಗೆ ಹತ್ತಿ ಬಾಯಿ ತುಂಬ ನೀರು ಬಂತು. ಉಗುಳುವಂತಿಲ್ಲ, ನುಂಗುವಂತಿಲ್ಲ.

"ಹಾಂ, ಹಂಗೇ ನಿಂತ್ಕೋ. ಕೈ ಹಿಂದೆ ಕಟ್ಕೋ. ಬಾಯಿಂದ ಬಿತ್ತೋ, ನಾಳೆಯಿಂದ ಇತ್ತ ತಲೆ ಹಾಕ್ಬೇಡ. ನಾಯಿ ಕೂಡ ಹೇಳಿದ್ದು ಕೇಳತ್ತೆ. ನಿಂಗೇನೋ ಬಂದಿರೋದು ರೋಗ, ಬೋಳಿಮಗನೆ?"

ನಾನು ಮಾಡಿದ ತಪ್ಪು ಇಷ್ಟೇ. ಇಸ್ತ್ರಿ ಯಂತ್ರದ ಉರುಳೆಗಳ ನಡುವೆ ಒಂದು ಬೆಡ್‌ಶೀಟು ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ, ಬಟ್ಟೆ ಎಳೆದು ನೇರ ಮಾಡಿದೆ, ಹಸಿರು ಗುಂಡಿ ಒತ್ತಿ ಮತ್ತೆ ಓಡಿಸಿದೆ. ಅರ್ಧ ನಿಮಿಷವೂ ಆಗಲಿಲ್ಲ. ಆದರೆ ಸೂಪರ್‌ವೈಸರ್ ಶಿಳ್ಳೆ ಊದದೆ ಯಂತ್ರ ನಿಲ್ಲಿಸುವ ಹಾಗಿರಲಿಲ್ಲ. ಅವನು ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಕೊರಳಲ್ಲಿ ಕಬ್ಬಿಣದ ಶಿಳ್ಳೆ. ಒಂದು ಸಲ ಊದಿದರೆ ಗಂಡಸರು ತಿರುಗಬೇಕು, ಎರಡು ಸಲ ಊದಿದರೆ ಹೆಂಗಸರು. ಬೆನ್ನ ಹಿಂದೆ ನಾವು ಅವನನ್ನು ಶಿಳ್ಳೆ ಎಂದೇ ಕರೆಯುತ್ತಿದ್ದೆವು. ನಮ್ಮ ಸೇಡೆಲ್ಲ ಅಷ್ಟರಲ್ಲೇ ತೀರಿಹೋಗುತ್ತಿತ್ತು.

ಅದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆ, ವಸತಿಗೃಹಗಳ ಕೊಳೆ ಬಟ್ಟೆ ಹಿಂದಿನ ಬಾಗಿಲಿಂದ ಬಂದು, ಮುಂದಿನ ಬಾಗಿಲಿಂದ ಬಿಳಿ ಬಿಳಿಯಾಗಿ ಹೋಗುತ್ತಿತ್ತು. ನಲವತ್ತು ಜನ ಇದ್ದೆವು. ಆಳೆತ್ತರದ ಮೂರು ಬಿಸಿ ಉರುಳೆಗಳ ಇಸ್ತ್ರಿ ಯಂತ್ರಕ್ಕೆ ಇಬ್ಬರು ಹೆಂಗಸರು ಬಟ್ಟೆ ಕೊಡುತ್ತಿದ್ದರು. ನಾನು ಗುಂಡಿ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುವವನು. ನನ್ನ ಅಕ್ಕ ಆಚೆ ಮೇಜಿನಲ್ಲಿ ಮಡಚುವವಳು. ಅಕ್ಕನ ಗಂಡ, ನನ್ನ ಭಾವ, ಬಾಯ್ಲರ್ ನೋಡಿಕೊಳ್ಳುವವನು. ಅದನ್ನು ಅವನು ಕಿರಿ ಹೆಂಡತಿ ಎನ್ನುತ್ತಿದ್ದ. "ದೊಡ್ಡೋಳಿಗಿಂತ ಇವಳೇ ವಾಸಿ. ದಿನಕ್ಕೆ ಮೂರೇ ಸಲ ಕೂಗೋದು."

ಬೆಡ್‌ಶೀಟು ಕಚ್ಚಿಕೊಂಡು ಬಾಗಿಲಲ್ಲಿ ನಿಂತವನನ್ನು ದಾಟಿಕೊಂಡೇ ಎಲ್ಲರೂ ನೀರಿಗೆ, ಪಾಯಿಖಾನೆಗೆ ಹೋಗಬೇಕಿತ್ತು. ಹೋದರು. ಯಾರೂ ನನ್ನ ಮುಖ ನೋಡಲಿಲ್ಲ. ಹಾಗೆ ನೋಡದೆ ಹೋದದ್ದೇ ಅವರು ನನಗೆ ಮಾಡಿದ ಉಪಕಾರ. ಅಕ್ಕ ಮಾತ್ರ ಒಂದು ಬೆಡ್‌ಶೀಟು ಮಡಚುವುದು, ಬಿಡಿಸುವುದು, ಅದನ್ನೇ ಮತ್ತೆ ಮಡಚುವುದು ಮಾಡುತ್ತಿದ್ದಳು.

ಸಂಜೆ ಮನೆಯಲ್ಲಿ ಭಾವ ಕೇಳಿದ. ನಮ್ಮದು ಎರಡು ಕೋಣೆಯ ಮನೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನೇ ನನ್ನನ್ನು ಸಾಕಿದವಳು, ಅವಳ ಮದುವೆಯಾದಾಗ ಸಾಮಾನಿನ ಜೊತೆ ನಾನೂ ಬಂದಿದ್ದೆ.

"ಎಷ್ಟೊತ್ತು ನಿಲ್ಸಿದ್ದ?"

"ಊಟದ ಗಂಟೆವರೆಗೂ."

"ಅಷ್ಟೊತ್ತೂ ಕಚ್ಕೊಂಡೇ ಇದ್ಯಾ?"

"ಹೂಂ."

ಭಾವ ಕೈ ಒರೆಸಿಕೊಂಡ. "ಅವನ ಕಿವಿ ಅಷ್ಟು ಹತ್ರ ಇತ್ತಲ್ಲೋ. ಕಚ್ಚೋದಾದ್ರೆ ಅದನ್ನೇ ಕಚ್ಬಾರ್ದಿತ್ತಾ?"

"ನೀವು ಸುಮ್ನಿರಿ," ಎಂದಳು ಅಕ್ಕ. "ಇರೋ ಕೆಲ್ಸಾನೂ ಕಳೀತೀರಾ?" ಆದರೆ ಅವಳೇ ಮೊದಲು ನಕ್ಕಳು. ಅಕ್ಕನ ಮಕ್ಕಳಿಬ್ಬರೂ ನಕ್ಕರು. ನಾನೂ ನಕ್ಕೆ.

ಭಾವ ಜಗಳಗಂಟನಲ್ಲ. ನಲ್ಲಿ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ "ಮನೇಗೆ ಬೆಂಕಿ ಬಿದ್ದಿದ್ಯಾ? ಮೊದ್ಲು ನೀವೇ ಹಿಡ್ಕೊಳ್ಳಿ" ಎಂದು ದಾರಿ ಬಿಡುವವನು. ಇದನ್ನು ಹೇಳುತ್ತಿರುವುದು ಯಾಕೆಂದರೆ, ಆಮೇಲೆ ಅವನ ಬಗ್ಗೆ ಯಾರೋ ಬೇರೆ ಥರ ಬರೆದಿದ್ದ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ.

ಬಟ್ಟೆ ಕೊಡುವ ಇಬ್ಬರಲ್ಲಿ ಒಬ್ಬಳನ್ನು ನಾವು ರೇಡಿಯೋ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷದವಳು. ಬೆಳಿಗ್ಗೆ ಗೇಟಿನಲ್ಲಿ ಶುರುವಾದ ಮಾತು ಸಂಜೆ ಗೇಟಿನಲ್ಲೇ ನಿಲ್ಲುತ್ತಿತ್ತು. ಉರುಳೆಗಳ ಮುಂದೆ ಬೆರಳು ಹೋಗದ ಹಾಗೆ ಒಂದು ಕಬ್ಬಿಣದ ಜಾಲರಿ ಇರಬೇಕು, ಮೊದಲು ಇತ್ತು. ಜಾಲರಿ ಇದ್ದರೆ ಕೈ ನಿಧಾನವಾಗುತ್ತದೆ ಎಂದು ಶಿಳ್ಳೆ ಎರಡು ವರ್ಷದ ಹಿಂದೆ ತೆಗೆಸಿದ್ದ. ಅದನ್ನು ಅವನ ಮುಖದ ಮೇಲೆ ಕೇಳಿದವಳು ರೇಡಿಯೋ ಒಬ್ಬಳೇ.

"ಸಾರ್, ಆ ಜಾಲರಿ ಹಾಕ್ಸಿಬಿಡಿ. ಇಲ್ಲಾಂದ್ರೆ ಒಂದಿನ ನಮ್ಗೂ ಇಸ್ತ್ರಿ ಆಗತ್ತೆ. ಆಮೇಲೆ ನೀವೇ ಮಡಚ್ಬೇಕು."

"ಬಾಯಿಗೆ ಹಾಕಿಸ್ತೀನಿ ಇರು ಜಾಲರಿ," ಎಂದಿದ್ದ ಅವನು.

ನಾನು ಬೆಡ್‌ಶೀಟು ಕಚ್ಚಿ ನಿಂತ ಮೇಲೆ ಮೂರನೇ ವಾರ. ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ರೇಡಿಯೋ ಯಾವುದೋ ಮದುವೆಯಲ್ಲಿ ಯಾರೋ ಜಾರಿ ಬಿದ್ದ ಕಥೆ ಹೇಳುತ್ತಿದ್ದಳು. ನಡುವೆ ಮಾತು ನಿಂತಿತು. ತಿರುಗಿ ನೋಡಿದೆ. ಅವಳ ಬಲಗೈಯ ಬೆರಳುಗಳು ಬಟ್ಟೆಯ ಜೊತೆ ಒಳಗೆ ಹೋಗುತ್ತಿದ್ದವು.

"ಅಣ್ಣಾ, ನಿಲ್ಸು!"

ನನ್ನ ಬೆರಳು ಕೆಂಪು ಗುಂಡಿಯ ಮೇಲೆಯೇ ಇತ್ತು. ಒತ್ತುವುದಕ್ಕೆ ಶಕ್ತಿ ಬೇಕಿರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಶಿಳ್ಳೆ ಹೊರಗೆ ಜಗಲಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಕಿರುಚಾಟ ಕೇಳಿ ತಿರುಗಿದ, ಒಳಗೆ ಬಂದ, ನೋಡಿದ, ಎದೆಯ ಮೇಲೆ ಶಿಳ್ಳೆ ಹುಡುಕಿದ, ಊದಿದ. ಆಗ ಒತ್ತಿದೆ.

ಎಷ್ಟು ಹೊತ್ತಾಯಿತು ಎಂದರೆ, ಈ ಕಡೆ ಹಾಕಿದ ಒಂದು ಬೆಡ್‌ಶೀಟು ಆ ಕಡೆ ಹೊರಗೆ ಬರುವಷ್ಟು. ಬಂತು ಕೂಡ. ಅಕ್ಕನ ಮೇಜಿನ ಮೇಲೆ ಬಿತ್ತು. ಅದರ ತುಂಬ ರಕ್ತ ಇಸ್ತ್ರಿಯಾಗಿ ಕಂದಿತ್ತು.

ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು. ಹೆಬ್ಬೆರಳು ಉಳಿಯಿತು.

ಒಂದು ವಾರಕ್ಕೆ ಕಾರ್ಮಿಕ ಇಲಾಖೆಯ ಸಾಹೇಬರು ಬಂದರು. ಆಫೀಸಿನಲ್ಲಿ ಟೀ ಕುಡಿದು, ಬಾಗಿಲಲ್ಲೇ ನಿಂತು ಯಂತ್ರ ನೋಡಿದರು. ಒಳಗೆ ಬಹಳ ಸೆಕೆ. ನನ್ನನ್ನು ಕರೆಸಿದರು. ಶಿಳ್ಳೆ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

"ಕೂಡ್ಲೇ ನಿಲ್ಸಿದ್ಯೇನಪ್ಪ?"

"ಕೂಡ್ಲೇ ನಿಲ್ಸಿದೆ ಸಾರ್."

"ಜಾಲರಿ ಇತ್ತಾ?"

"ತೊಳೆಯೋಕೆ ಅಂತ ಬಿಚ್ಚಿದ್ವಿ ಸಾರ್. ಅವತ್ತೊಂದಿನ."

ಸಾಹೇಬರು ಬರೆದುಕೊಂಡರು. ಕೆಲಸಗಾರ್ತಿಯ ಅಜಾಗರೂಕತೆ ಎಂದು ಬರೆದರಂತೆ. ಭಾವ ಕಲ್ಲಿದ್ದಲಿನ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದ. ನಾನು ಹೇಳಿದ್ದು ಅವನ ಕಿವಿಗೆ ಬಿತ್ತು. ಮನೆಯಲ್ಲಿ ಅವನು ನನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದ, ಅಷ್ಟೆ. ಬೈದಿದ್ದರೆ ಊಟ ಸೇರುತ್ತಿತ್ತು.

ರೇಡಿಯೋ ಬಿಡಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಕೈಲಿ ಅರ್ಜಿ ಬರೆಸಿ ಮೇಲಿನ ಕಚೇರಿಗೆ ಹಾಕಿದಳು. ವಿಚಾರಣೆಗೆ ದಿನವೂ ಗೊತ್ತಾಯಿತು. ಅಲ್ಲಿಯವರೆಗೆ ಬದುಕಬೇಕಲ್ಲ, ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಖಾನೆಗೆ ಬಂದಳು. ಯಂತ್ರ ನಿಂತಿತ್ತು. ಉರುಳೆಗಳು ಇನ್ನೂ ಬಿಸಿಯಾಗಿದ್ದವು. ನಾವೆಲ್ಲ ಗೋಡೆಗೆ ಒರಗಿ ಡಬ್ಬಿ ಬಿಚ್ಚುತ್ತಿದ್ದೆವು. ನಾನು ಗುಂಡಿ ಪೆಟ್ಟಿಗೆಯ ಕೆಳಗೆ ಕೂತಿದ್ದೆ.

"ಸಾರ್, ಮಡಚೋ ಮೇಜಿಗೆ ಹಾಕಿ. ಎಡಗೈಲಿ ಮಡಚ್ತೀನಿ."

"ಎಡಗೈಲಿ? ಇದೇನ್ ಸರ್ಕಸ್ಸಾ?"

"ಮನೇಲಿ ಅಭ್ಯಾಸ ಮಾಡಿದೀನಿ ಸಾರ್. ಬೇಕಾದ್ರೆ ಈಗ್ಲೇ ತೋರಿಸ್ತೀನಿ."

ಶಿಳ್ಳೆ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದ. "ಮಡಚೋದು ಆಮೇಲೆ. ಮೊದ್ಲು ಒಂದು ಚಪ್ಪಾಳೆ ತಟ್ಟು ನೋಡೋಣ. ಎಲ್ರಿಗೂ ಕೇಳ್ಬೇಕು. ಕೇಳ್ಸಿದ್ರೆ ನಾಳೆಯಿಂದ್ಲೇ ಬಾ."

ಅವಳು ತಮಾಷೆ ಎಂದುಕೊಂಡು ನಕ್ಕಳು.

"ತಟ್ಟೇ! ಅರ್ಜಿ ಬರಿಯೋಕೆ ಬರತ್ತೆ, ಚಪ್ಪಾಳೆ ಬರಲ್ವಾ?"

ಅವಳು ಸೆರಗಿನಿಂದ ಕೈ ಹೊರಗೆ ತೆಗೆದಳು. ನಾವು ಆ ಕೈ ನೋಡಿದ್ದು ಅದೇ ಮೊದಲು. ತಟ್ಟಿದಳು. ಕಲಸಿದ ಹಿಟ್ಟಿನ ಮೇಲೆ ಹೊಡೆದ ಹಾಗೆ ಏನೋ ಒಂದು ಸದ್ದು.

"ಏನ್ರೋ, ಕೇಳಿಸ್ತಾ?" ಶಿಳ್ಳೆ ನಮ್ಮನ್ನು ಕೇಳಿದ. "ಇಲ್ವಂತೆ ನೋಡು. ಇನ್ನೊಂದ್ಸಲ."

ಮತ್ತೆ ತಟ್ಟಿದಳು. ಆಗ ಯಾರೋ ನಕ್ಕರು. ನಕ್ಕಿದ್ದು ನಾನು.

ಯಾಕೆ ನಕ್ಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಶಿಳ್ಳೆ ನನ್ನ ಕಡೆ ನೋಡುತ್ತಿದ್ದ. ಅಷ್ಟು ಮಾತ್ರ ಗೊತ್ತು.

ಭಾವ ಬಾಯ್ಲರ್ ಕೋಣೆಯ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ. ನನ್ನ ನಗು ನಿಂತ ಮೇಲೆ ಡಬ್ಬಿಯ ಮುಚ್ಚಳ ಹಾಕಿದ, ಕಿಟಕಿಯಲ್ಲಿಟ್ಟ, ನಡೆದು ಬಂದ. ಓಡಲಿಲ್ಲ, ಕೂಗಲಿಲ್ಲ. ಶಿಳ್ಳೆಯ ಕೊರಳಪಟ್ಟಿ ಹಿಡಿದು ಸ್ಟೂಲಿನಿಂದ ಎತ್ತಿ ಉರುಳೆಗಳ ಮುಂದೆ ತಂದು ನಿಲ್ಲಿಸಿದ. ಅವನ ಬಲಗೈ ಮಣಿಕಟ್ಟು ಹಿಡಿದ. ಇಪ್ಪತ್ತು ವರ್ಷ ಬಾಯ್ಲರಿಗೆ ಕಲ್ಲಿದ್ದಲು ತೋಡಿ ಹಾಕಿದ ಕೈ ಭಾವನದು.

"ಏಯ್, ಬಿಡೋ ಸೂಳೆಮಗನೆ! ಬಿಡೋ!"

ಭಾವ ನನ್ನ ಕಡೆ ತಿರುಗಿದ. "ಹಾಕೋ."

ನಾನು ಎದ್ದು ಹಸಿರು ಗುಂಡಿ ಒತ್ತಿದೆ.

ಉರುಳೆಗಳು ತಿರುಗಿದವು. ಶಿಳ್ಳೆ ಮೊದಲು ಬೈದ. ಆಮೇಲೆ "ಬೇಡಪ್ಪಾ" ಎಂದ. ಆಮೇಲೆ ಭಾವನನ್ನು "ಅಣ್ಣಾ" ಎಂದು ಕರೆದ. ಆಮೇಲಿನದಕ್ಕೆ ಮಾತಿರಲಿಲ್ಲ. ವಾಸನೆ ಬಂತು. ನಲವತ್ತು ಜನ ತುತ್ತು ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಕೆಂಪು ಗುಂಡಿಯ ಪಕ್ಕ ನಿಂತಿದ್ದೆ. ಭಾವನ ಮುಖ ನೋಡಿದೆ. ಸಿಟ್ಟಿರಲಿಲ್ಲ ಅಲ್ಲಿ. ಅವನು ಅಳುತ್ತಿದ್ದ, ಆದರೂ ಹಿಡಿತ ಬಿಡಲಿಲ್ಲ.

ನಿಲ್ಲಿಸಿದ್ದು ರೇಡಿಯೋ. ಓಡಿ ಬಂದು, ಭುಜದಿಂದ ನನ್ನನ್ನು ನೂಕಿ, ಎಡಗೈ ಅಂಗೈಯಿಂದ ಕೆಂಪು ಗುಂಡಿ ಗುದ್ದಿದಳು. ಹೋಗಿ ಭಾವನ ಎದೆಗೆ ಹೊಡೆಯತೊಡಗಿದಳು.

"ಯಾರ್ ಹೇಳಿದ್ರು ನಿಂಗೆ? ಯಾರ್ ಹೇಳಿದ್ರು? ಯಾರ್ ಹೇಳಿದ್ರು?"

ಭಾವ ಶಿಳ್ಳೆಯ ಮಣಿಕಟ್ಟು ಬಿಟ್ಟ.

ಎಲ್ಲರೂ ಶಿಳ್ಳೆಯ ಸುತ್ತ ಸೇರಿದಾಗ ಭಾವ ನನ್ನ ಕಿವಿಯ ಹತ್ತಿರ ಬಂದ. "ನೀನು ಹೊರಗೆ ಕೈ ತೊಳೆಯೋಕೆ ಹೋಗಿದ್ದೆ. ಗುಂಡಿ ಒತ್ತಿದ್ದೂ ನಾನೇ. ತಿಳೀತಾ? ಮನೆ ನೋಡ್ಕೋ." ಬಾಯ್ಲರ್ ಕೋಣೆಗೆ ಹೋಗಿ, ಒಲೆಯ ಕೆಂಡ ಹೊರಗೆಳೆದು, ಹಬೆ ಬಿಟ್ಟು, ಎಲ್ಲ ವಾಲ್ವು ಮುಚ್ಚಿ, ಪೊಲೀಸರು ಬರುವವರೆಗೆ ಅಲ್ಲೇ ನೆಲದ ಮೇಲೆ ಕೂತಿದ್ದ.

ಠಾಣೆಯಲ್ಲಿ ನನ್ನನ್ನು ಏನೂ ಕೇಳಲಿಲ್ಲ. ಕಾಗದ ಮೊದಲೇ ಬರೆದಿತ್ತು. ಕಾರ್ಖಾನೆ ಯಜಮಾನರ ವಕೀಲರು ಓದಿ ಹೇಳಿದರು: ಆರೋಪಿ ಮೊದಲಿನಿಂದಲೂ ಮುಂಗೋಪಿ, ಸಹೋದ್ಯೋಗಿಗಳನ್ನು ಹೆದರಿಸುತ್ತಿದ್ದ, ಮನೆಯಲ್ಲೂ ಕೈ ಮಾಡುತ್ತಿದ್ದ, ತಲೆ ಸರಿ ಇರಲಿಲ್ಲ.

"ಮನೇಲಿ ಯಾವತ್ತೂ ಕೈ ಎತ್ತಿಲ್ಲ ಸಾರ್," ಎಂದೆ.

"ಹಾಗಾದ್ರೆ ನೀನೇ ಹೇಳು, ಯಾಕೆ ಮಾಡ್ದ?"

ಯಾಕೆ ಎಂದು ಹೇಳಬೇಕಾದರೆ ನನ್ನ ನಗುವಿನಿಂದ ಶುರು ಮಾಡಬೇಕಿತ್ತು. ಸಹಿ ಹಾಕಿದೆ. ಉಳಿದವರೂ ಹಾಕಿದರು.

ವಾರದೊಳಗೆ ಇಸ್ತ್ರಿ ಯಂತ್ರಕ್ಕೆ ಹೊಸ ಜಾಲರಿ ಬಂತು, ಹಳದಿ ಬಣ್ಣ ಬಳಿದದ್ದು. ಹೊಸ ಸೂಪರ್‌ವೈಸರ್ ಬಂದ. ನಮ್ಮನ್ನು "ರೀ" ಎಂದು ಕರೆದ. ಹೆಂಗಸರು ಕೇಳದೆಯೇ ಪಾಯಿಖಾನೆಗೆ ಹೋಗಿ ಬರತೊಡಗಿದರು. ವರ್ಷಗಟ್ಟಲೆ ಬೇಡಿದರೂ ಆಗದ್ದು ಏಳು ದಿನಕ್ಕೆ ಆಯಿತು.

ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಅದೇ ಮಾತು.

"ಗಂಡು ಅಂದ್ರೆ ಅವನು ಕಣಯ್ಯ," ಎಂದ ಟೀ ಅಂಗಡಿಯವ. "ಆ ಬಡ್ಡಿಮಗನಿಗೆ ಹಂಗೇ ಆಗ್ಬೇಕಿತ್ತು."

"ಸರಿ ಹೋಯ್ತು," ಎಂದ ಕ್ಷೌರದವನು. "ನಾನೂ ದಿನಾ ಎಲ್ರ ಕತ್ತಿನ ಮೇಲೆ ಕತ್ತಿ ಇಡ್ತೀನಿ. ಯಾರ್ಯಾರು ಪಾಪಿಗಳು ಅಂತ ನಾನೇ ತೀರ್ಮಾನ ಮಾಡ್ಲಾ? ಇವತ್ತು ಅವನ ಕೈ. ನಾಳೆ ನಿನ್ ಕೈನ ಯಾರು ಹಿಡ್ಕೊಂಡು ಹೋಗ್ತಾರೋ!"

"ಹಂಗಾದ್ರೆ ಆ ಹುಡ್ಗಿ ಕೈ ಏನು ಪುಕ್ಕಟೆ ಬಂದಿತ್ತಾ? ಯಾವನ್ ಕೇಳ್ದ? ಆ ಇಲಾಖೆ ಸಾಹೇಬ ಕೇಳಿದ್ನಾ?"

ಇಬ್ಬರೂ ನನ್ನ ಕಡೆ ತಿರುಗಿದರು. "ನೀನ್ ಹೇಳಪ್ಪ. ನಿನ್ ಭಾವ ಅಲ್ವಾ?"

ನಾನು ಟೀ ಗಂಟಲಿಗೆ ಸುರಿದುಕೊಂಡು ನಾಲಿಗೆ ಸುಟ್ಟುಕೊಂಡೆ. ಎದ್ದಾಗ ಅಂಗಡಿಯವ ಕಾಸು ತೆಗೆದುಕೊಳ್ಳಲಿಲ್ಲ. "ಅಂಥೋನ್ ಮನೆಯವ್ರ ಹತ್ರ ತಗೊಳ್ಳೋದಾ?" ಎಂದ. ನಾನು ಬೇಡ ಎನ್ನಲಿಲ್ಲ. ಮಾರನೇ ದಿನವೂ ಅಲ್ಲಿಗೇ ಹೋದೆ. ಅದರ ಮಾರನೇ ದಿನವೂ.

ರೇಡಿಯೋ ಮನೆಗೂ ಒಮ್ಮೆ ಹೋದೆ. ಕೆಲಸಗಾರರೇ ಹಿಂಸೆಗೆ ಇಳಿದಿದ್ದಾರೆ ಎಂದು ಮೇಲಿನ ಕಚೇರಿಯವರು ಅವಳ ವಿಚಾರಣೆ ನಿಲ್ಲಿಸಿದ್ದರು. ಅವಳು ಎಡಗೈಯಲ್ಲಿ ಸ್ಟೌ ಹೊತ್ತಿಸಲು ನೋಡುತ್ತಿದ್ದಳು. ಕಡ್ಡಿಪೆಟ್ಟಿಗೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದಿದ್ದಳು. ನಾನು ಕೈ ಚಾಚಿದೆ.

"ಬೇಡ, ಕೂತ್ಕೋ ಅಣ್ಣ."

ಮೂರನೇ ಕಡ್ಡಿಗೆ ಹೊತ್ತಿತು.

"ನನಗೋಸ್ಕರ ಮಾಡ್ದ ಅಂತಾರೆ ಎಲ್ರೂ. ನನ್ನ ಒಂದ್ಮಾತು ಕೇಳಿದ್ನಾ ಅವನು? ಕೇಳಿದ್ರೆ ಬೇಡ ಅಂತಿದ್ದೆ. ನಂಗೆ ಬೇಕಾಗಿದ್ದು ಆ ಶಿಳ್ಳೆ ಕೈಯಲ್ಲ ಅಣ್ಣ. ಆ ಸಾಹೇಬ ನನ್ನ ಎದ್ರು ಕೂತು, ಹೂಂ, ತಪ್ಪು ಇವರದ್ದು ಅಂತ ಬರೀಬೇಕಿತ್ತು. ಅದೊಂದ್ ಸಾಲು. ಈಗ ಅದೂ ಇಲ್ಲ."

ಪಾತ್ರೆ ಇಟ್ಟಳು. ನೀರು ಸುರಿದಳು.

"ಆದ್ರೆ ಸುಳ್ಳು ಯಾಕೆ ಹೇಳ್ಲಿ? ಎರಡು ತಿಂಗಳಿಂದ ಕಣ್ಣು ಮುಚ್ಚಿರ್ಲಿಲ್ಲ. ಅವತ್ತು ಹಾಯಾಗಿ ನಿದ್ದೆ ಬಂತು. ನಿನ್ ಭಾವನ ಮೇಲೆ ನಂಗೆ ಸಿಟ್ಟಿರೋದೇ ಅದಕ್ಕೆ. ನನ್ನೂ ತನ್ನ ಹಂಗೆ ಮಾಡ್ಬಿಟ್ಟ."

ನಾನು ಹೊರಡಲು ಎದ್ದೆ. ಬಾಗಿಲಿಗೆ ಬಂದಾಗ ಹಿಂದಿನಿಂದ ಹೇಳಿದಳು. "ನಿನ್ನ ಬೆರಳು ಗುಂಡಿ ಮೇಲಿತ್ತು ಅಣ್ಣ. ನಾನು ನೋಡಿದ್ದೆ. ಎರಡ್ಸಲಾನೂ."

ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡ ಬಲ ಗೊತ್ತಾಗಲಿಲ್ಲ.

ಕೋರ್ಟಿನ ದಿನ ಹತ್ತಿರ ಬಂದಾಗ ಯಜಮಾನರು ನನ್ನನ್ನು ಶಿಳ್ಳೆಯ ಮನೆಗೆ ಕಳಿಸಿದರು, ಯಾವುದೋ ಕಾಗದಕ್ಕೆ ಅವನ ಎಡಗೈ ಹೆಬ್ಬೆಟ್ಟು ತರಲು. ಅವನ ಮನೆ ನಮ್ಮ ಮನೆಯಂಥದ್ದೇ. ಎರಡು ಕೋಣೆ, ಸೋರಿದ ಗೋಡೆಗೆ ಹಳೇ ಕ್ಯಾಲೆಂಡರು. ಹೆಂಡತಿ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ಅವನು ಗೋಡೆಗೆ ಸರಿದು ಮೊಂಡುಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ನನಗೆ ಸಂತೋಷವಾಯಿತು. ಹೊಟ್ಟೆಯೊಳಗೆ ಬೆಚ್ಚಗೆ ಏನೋ ಹರಡಿದ ಹಾಗೆ. ಅದು ಹರಡುತ್ತಿರುವಾಗಲೇ ಅವನ ಹೆಂಡತಿ ನನಗೆ ಕೂರಲು ಸ್ಟೂಲು ತಂದಿಟ್ಟಳು. ನನ್ನ ಮುಖದಲ್ಲಿ ಅದು ಅವಳಿಗೆ ಕಂಡಿತೋ ಏನೋ.

ಅವಳು ಒಳಗೆ ಹೋದ ಮೇಲೆ ಶಿಳ್ಳೆ ಮಾತಾಡಿದ. ದನಿ ಇಳಿದುಹೋಗಿತ್ತು. "ಹಸಿರು ಗುಂಡಿ ನೀನೇ ಒತ್ತಿದ್ದು. ನನಗ್ಗೊತ್ತು."

ನನ್ನ ಕೈಯಲ್ಲಿ ಮಸಿಯ ಡಬ್ಬಿ ಇತ್ತು.

"ಪೊಲೀಸ್ರಿಗೆ ಹೇಳೋಕೆ ಹೋಗಿದ್ದೆ. ಯಜಮಾನ್ರು ಬೇಡ ಅಂದ್ರು. ಯಾಕೆ ಗೊತ್ತಾ? ಒಬ್ಬ ಆದ್ರೆ ಹುಚ್ಚ ಅಂತ ಮುಗಿಸ್ಬೋದಂತೆ. ಇಬ್ರಾದ್ರೆ ಯಾಕೆ ಅಂತ ಕೇಳ್ತಾರಂತೆ. ಜಾಲರಿ ವಿಷ್ಯ ಬರತ್ತಂತೆ." ಅವನು ನಕ್ಕ ಹಾಗೆ ಮಾಡಿದ. "ನನ್ ಕೈ ಹೋಗಿದೆ ಮಾರಾಯ, ಅವ್ರಿಗೆ ಜಾಲರಿ ಚಿಂತೆ. ದಿನಕ್ಕೆ ಇಷ್ಟು ಬೆಡ್‌ಶೀಟ್ ಹೊರಗೆ ಬೀಳ್ಬೇಕು ಅಂತ ಅವ್ರು ನನ್ನ ಉಗೀತಿದ್ರು, ನಾನು ನಿಮ್ಮನ್ನ ಉಗೀತಿದ್ದೆ. ನಾನೇನ್ ಒಳ್ಳೆಯವನು ಅಂತಿಲ್ಲ. ನೀನ್ ಮಾತ್ರ ನನ್ನ ಹಂಗೆ ನೋಡ್ಬೇಡ. ನಾನು ಹೇಳಿದ್ದಕ್ಕೆಲ್ಲ ನೀನು ಹೂಂ ಅಂದೋನು."

ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ. ಒತ್ತಿಸಿಕೊಂಡು ಬಂದೆ.

ಕೋರ್ಟಿನ ಕೋಣೆ ಸಣ್ಣದು. ಫ್ಯಾನು ತಿರುಗುವಾಗಲೆಲ್ಲ ಕಾಗದಗಳು ಎದ್ದೆದ್ದು ಕೂರುತ್ತಿದ್ದವು. ಭಾವ ಕಟಕಟೆಯಲ್ಲಿ ನಿಂತಿದ್ದ, ಐದು ತಿಂಗಳಲ್ಲಿ ಅರ್ಧ ಆಗಿದ್ದ. ಅಕ್ಕ ಕೊನೆಯ ಬೆಂಚಿನಲ್ಲಿ. ಅವಳ ಮುಂದೆ ಕಾರ್ಖಾನೆಯ ಹತ್ತು ಜನ, ಎಲ್ಲರೂ ಸಾಕ್ಷಿಗಳು. ಮೂಲೆಯಲ್ಲಿ ರೇಡಿಯೋ.

ಸರ್ಕಾರಿ ವಕೀಲರು ನನ್ನ ಹೇಳಿಕೆ ಕೈಯಲ್ಲಿ ಹಿಡಿದೇ ಕೇಳಿದರು. "ಘಟನೆ ನಡೆದಾಗ ನೀವು ಹೊರಗೆ ಕೈ ತೊಳೀತಿದ್ರಿ. ಹೌದಲ್ವಾ?"

"ಇಲ್ಲ ಸಾರ್. ಗುಂಡಿ ಹತ್ರ ಇದ್ದೆ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ನೆನಪಿದೆ ಸಾರ್. ಯಂತ್ರ ಓಡಿಸಿದ್ದು ನಾನು. ನಿಲ್ಸದೇ ಇದ್ದಿದ್ದೂ ನಾನು. ಅದಕ್ಕೆ ಮುಂಚೆ ಆ ಹುಡುಗಿ ಕೈ ಸಿಕ್ಕಾಗ್ಲೂ ನಿಲ್ಸಿರ್ಲಿಲ್ಲ. ಜಾಲರಿ ಎರಡು ವರ್ಷದಿಂದ ಇರ್ಲಿಲ್ಲ. ಆ ಕಾಗದದಲ್ಲಿ ಬರೆದಿರೋದೆಲ್ಲ ಸುಳ್ಳು. ನನ್ನ ಭಾವ ಹುಚ್ಚನಲ್ಲ."

"ಬಾಯ್ಮುಚ್ಚೋ!" ಕಟಕಟೆಯಿಂದ ಭಾವ ಕೂಗಿದ. "ಸುಳ್ಳು ಸ್ವಾಮಿ, ಇವನು ಅಲ್ಲಿರ್ಲೇ ಇಲ್ಲ! ಏನೋ ನಿಂಗ್ ಬಂದಿರೋದು, ಮುಂಡೇಮಗನೆ! ಮನೆ ನೋಡ್ಕೋ ಅಂದಿರ್ಲಿಲ್ವೇನೋ!" ಪೊಲೀಸರು ಅವನ ಭುಜ ಅದುಮಿ ಹಿಡಿದರು.

ಟೈಪು ಮಾಡುವವಳು ಕೈ ನಿಲ್ಲಿಸಿದಳು. ನ್ಯಾಯಾಧೀಶರು ಕನ್ನಡಕ ತೆಗೆದರು. "ಏನ್ ಹೇಳ್ತಿದೀಯ ಅಂತ ಗೊತ್ತಿದ್ಯಾ ನಿಂಗೆ? ಸಂಬಂಧಿ ಅಂತ ತಪ್ಪು ಮೈಮೇಲೆ ಹಾಕ್ಕೊಳ್ತಿದೀಯಾ?"

"ಇಲ್ಲ ಸ್ವಾಮಿ. ಅಲ್ಲಿ ನಲವತ್ತು ಜನ ಇದ್ರು. ಕೇಳಿ ನೋಡಿ."

ತಿರುಗಿದೆ. ಹತ್ತು ಜನ ಬೆಂಚಿನ ಮೇಲೆ ತಮ್ಮ ತಮ್ಮ ಪಾದ ನೋಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಬೆಂಚಿನಲ್ಲಿ ನನ್ನ ಜಾಗ ಖಾಲಿ ಕಂಡಿತು. ಮೂಲೆಯಲ್ಲಿ ರೇಡಿಯೋ ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಅವಳ ಸರದಿ ಬಂದಿಲ್ಲ ಎಂದು ಪೇದೆ ಕೂರಿಸಿದ. ಅಕ್ಕ ಎದ್ದು ಹೊರಗೆ ಹೋದಳು. ಅವಳ ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು.

ನನ್ನನ್ನು ವಶಕ್ಕೆ ತೆಗೆದುಕೊಂಡು ಹೊಸದಾಗಿ ಹೇಳಿಕೆ ಬರೆಸಿಕೊಳ್ಳಬೇಕೆಂದು ಆದೇಶವಾಯಿತು. ಬೇರೆ ವ್ಯಾನು ಇರಲಿಲ್ಲ. ಭಾವನನ್ನೂ ನನ್ನನ್ನೂ ಒಂದರಲ್ಲೇ ಎದುರುಬದುರು ಕೂರಿಸಿದರು.

ವ್ಯಾನು ರಸ್ತೆಯ ಗುಂಡಿ ಹಾರಿದಾಗ ನಮ್ಮ ಮಂಡಿಗಳು ತಾಗಿದವು. ಅವನು ಕಾಲು ಹಿಂದೆಳೆದುಕೊಂಡ. ಕಂಬಿಯ ಕಿಟಕಿಯಲ್ಲಿ ಅಂಗಡಿಗಳು, ಸೈಕಲ್ಲುಗಳು, ಶಾಲೆ ಬಿಟ್ಟ ಮಕ್ಕಳು ಹಿಂದೆ ಹೋಗುತ್ತಿದ್ದರು.

"ಮಕ್ಳಿಗೆ ಯಾರಿದಾರೋ ಈಗ?" ಎಂದ ಕೊನೆಗೆ.



ಮತ್ತೆ ಸ್ವಲ್ಪ ದೂರ. ಅವನ ದನಿ ಮೆತ್ತಗಾಯಿತು. ಸಮಾಧಾನಕ್ಕೆ ಏನಾದರೂ ಹುಡುಕುವವನ ಹಾಗೆ ಕೇಳಿದ. "ಹೋಗ್ಲಿ. ಆ ಜಾಲರಿ ಇದೆ ತಾನೆ?"

ಇದೆ ಎಂದರೆ ಮುಗಿಯುತ್ತಿತ್ತು. ಸುಳ್ಳು ನನಗೆ ಹೊಸದಲ್ಲ.

"ಇಲ್ಲ ಭಾವ. ಹೋದ ತಿಂಗಳು ತೆಗ್ಸಿದ್ರು. ಕೆಲ್ಸ ನಿಧಾನ ಆಗತ್ತಂತೆ."

ಅವನು ಕಿಟಕಿ ಬಿಟ್ಟು ನನ್ನನ್ನು ನೋಡಿದ.

"ಯಾರು ಬಿಚ್ಚಿದ್ದು?"

"ನಾನೇ. ಸ್ಪ್ಯಾನರ್ ನನ್ ಕೈಗೇ ಕೊಟ್ರು."

ವ್ಯಾನು ಎಲ್ಲೋ ನಿಂತಿತು. ಮುಂದೆ ಕೂತಿದ್ದ ಪೊಲೀಸರು ಬೀಡಿಗೆ ಬೆಂಕಿ ಕೇಳುತ್ತಿದ್ದರು. ಭಾವ ಬೇಡಿ ಹಾಕಿದ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಎಷ್ಟು ಬೋಲ್ಟು?"

"ಆರು."

"ಬಿಗಿಯಾಗಿತ್ತಾ?"

"ಇಲ್ಲ ಭಾವ," ಎಂದೆ. "ಸಲೀಸಾಗಿ ಬಂದ್ವು. ಇನ್ನೂ ತುಕ್ಕೇ ಹಿಡಿದಿರ್ಲಿಲ್ಲ."